ತೊಲೆಯ ಮೇಲಣ ನಡಿಗೆ

ಉದ್ದ 5 ಮೀಟರು, ಅಗಲ 10 ಸೆಂಟಿಮೀಟರು, ನೆಲದಿಂದ ಎತ್ತರ 125 ಸೆಂಟಿಮೀಟರು. ಜಿಮ್ನಾಸ್ಟಿಕ್ಸ್ ಸ್ಪರ್ಧೆಗಳಲ್ಲಿ ಹೆಣ್ಣುಮಕ್ಕಳು ನಡೆದು, ನೆಗೆದು, ಲಾಗ ಹಾಕುವ ತೊಲೆಯ ಪ್ರಮಾಣವಿಷ್ಟೆ. ನನ್ನ ಮೊಮ್ಮಗಳು ಈ ವಿದ್ಯೆಗೆ ತೊಡಗಿ ಎರಡು ವರ್ಷಗಳಾದುವು. “ಕೈಕಾಲು ಮುರಿದುಕೊಂಡರೆ ಗತಿಯೇನು?” ಎಂಬ ಚರ್ಚೆ ಮನೆಯಲ್ಲಿ ಆಗಾಗ ಏಳುವುದುಂಟು. ಬಹುಕಾಲ ಪಾಠ ಹೇಳಿದವನಾದುದರಿಂದ, ಅಲ್ಲಿ ಕಲಿಸುವ ಕ್ರಮವನ್ನು ನಾನು ಕುತೂಹಲದಿಂದ ನೋಡುತ್ತ ಬಂದಿದ್ದೇನೆ.

ಮಗು ಮೊದಲು ಕಲಿಯುವುದು ಬೀಳುವುದನ್ನು. ಮೆತ್ತೆಯ ಮೇಲೆ ಮೈಯನ್ನು ಉಂಡೆಮಾಡಿ ಉರುಳುವುದು ಬಂದ ಮೇಲೆ ನೆಲದ ಗೆರೆಯ ಮೇಲೆ ನಡಿಗೆ, ಬಳಿಕ ತಗ್ಗಿನ ತೊಲೆ, ಕಡೆಗೆ ಎತ್ತರದ್ದು. ಕಠಿನವಾದ ಲಾಗವನ್ನು ಬಿಡಿಬಿಡಿಯಾಗಿ ಅಭ್ಯಾಸಮಾಡಿಸಿ ಅನಂತರ ಜೋಡಿಸುತ್ತಾರೆ. ವೇದಪಾಠದಲ್ಲಿ ಪದಪಾಠವಾದ ಮೇಲೆ ಎರಡೆರಡು ಪದಗಳನ್ನು ಹೆಣೆದು ಕ್ರಮವನ್ನು ಹೇಳಿಸುವ ಪದ್ಧತಿ ನನಗೆ ನೆನಪಾಯಿತು.

ಸಮತೋಲನಕ್ಕೆ ಮೂರು ಸಾಕ್ಷಿಗಳುಂಟು: ಕಣ್ಣು, ತಲೆಯ ಚಲನೆಯನ್ನು ಅರಿಯುವ ಒಳಕಿವಿ, ಸ್ನಾಯು, ಕೀಲು, ಅಂಗಾಲುಗಳು ಕಳುಹಿಸುವ ಸುದ್ದಿ. ಇವನ್ನು ಹೊಂದಿಸಿಕೊಂಡು, ಹೆಜ್ಜೆ ತಪ್ಪಿದಾಗಲೆಲ್ಲ ಮುಂದಿನ ಹೆಜ್ಜೆಯನ್ನು ತಿದ್ದುವ ಕಾರ್ಯದಲ್ಲಿ ಕಿರುಮೆದುಳಿನ ಪಾತ್ರ ದೊಡ್ಡದು. ಸಣ್ಣ ತಪ್ಪುಗಳಿಲ್ಲದೆ ಈ ತಿದ್ದುಪಡಿಗೆ ಅವಕಾಶವೇ ಇಲ್ಲ. ಅಭ್ಯಾಸ ಬಲಿತಂತೆ ಅಂಗಗಳು ಬುದ್ಧಿಯ ಅಪ್ಪಣೆಗೆ ಕಾಯದೆ ನಡೆದುಕೊಳ್ಳುತ್ತವೆ.

ಹೀಗೆ ಬಲಿತ ವಿದ್ಯೆಯೂ ಒಮ್ಮೊಮ್ಮೆ ಕೈಬಿಡುವುದುಂಟು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಅವರಿಗೆ, ಗಾಳಿಯಲ್ಲಿ ಮೈ ತಿರುಚುವಾಗ ತಾನೆಲ್ಲಿರುವೆನೆಂಬ ಅರಿವು ತಪ್ಪಿತು. ಅವರು ತಂಡದ ಸ್ಪರ್ಧೆಯ ನಡುವೆಯೇ ಹಿಂದೆಗೆದರು. ಕೆಲವು ದಿನಗಳ ಮೇಲೆ, ಮೈ ತಿರುಚದೆ ಇಳಿಯುವ ಸುಲಭತರವಾದ ಕ್ರಮವನ್ನಾರಿಸಿಕೊಂಡು, ಈ ತೊಲೆಯ ಮೇಲೆಯೇ ಕಂಚಿನ ಪದಕವನ್ನು ಪಡೆದರು. 2024ರಲ್ಲಿ ಪ್ಯಾರಿಸಿನಲ್ಲಿ ಮೂರು ಚಿನ್ನದ ಪದಕಗಳು ಅವರಿಗೆ ದೊರೆತುವು.

ಕಳೆದ ತಿಂಗಳು ನನ್ನ ಮೊಮ್ಮಗಳೂ ಎತ್ತರದ ತೊಲೆಯ ಮೇಲೆ ಅಂಜಿ ನಿಂತುಬಿಟ್ಟಳು. ಶಿಕ್ಷಕಿ ಗದರಿಸಲಿಲ್ಲ. “ಇಳಿದು ಬಾ ಪುಟ್ಟಿ, ಗೆರೆಯ ಮೇಲೆ ಮಾಡೋಣ” ಎಂದರು. ಅಂದು ಸಂಜೆ ಮಗುವನ್ನು ಬಿಡಿಸಿಬಿಡೋಣವೆಂದು ಸೊಸೆ ಕೇಳಿದಾಗ, “ಅಂಜಿದ ಮಗುವನ್ನು ಇಳಿಸಿಕೊಳ್ಳುವ ಗುರು ಇರುವ ತನಕ ಹೋಗಲಿ, ತಾಯಿ, ದೂಡುವವರು ಬಂದ ದಿನ ನಾನೇ ಬಿಡಿಸುತ್ತೇನೆ” ಎಂದೆನು. ಮಕ್ಕಳನ್ನು ಇಂತಹ ವ್ಯಾಯಾಮಕ್ಕೆ ಕಳುಹಿಸುವ ಗೃಹಸ್ಥರು ಪದಕಗಳನ್ನು ಎಣಿಸುವ ಮೊದಲು ಒಂದು ದಿನ ಅಲ್ಲಿ ಕುಳಿತು, ಬೀಳುವುದನ್ನು ಹೇಗೆ ಕಲಿಸುತ್ತಾರೆಂಬುದನ್ನು ನೋಡಿಬರಬೇಕು.