ಹೆಸರಿಲ್ಲದ ವೈರಲ್

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿವೆ. ಸುಗ್ಗಿಯಲ್ಲಿ ಆ ದಾರಿಯ ಭತ್ತದ ಟ್ರ್ಯಾಕ್ಟರುಗಳು ಹಾಡಿಲ್ಲದೆ ಓಡುವುದಿಲ್ಲ. ಗಾಡಿ ಕಾಣುವ ಮೊದಲೇ ಅದರ ಹಾಡು ಬಂದು ಮುಟ್ಟುತ್ತದೆ. "ಯಾರು ಹಾಡ್ಯಾರಪ್ಪ ಇದನ್ನ?" ಎಂದು ಡ್ರೈವರನನ್ನು ಕೇಳಿ ನೋಡಿ. "ಯಾರಿಗೊತ್ರಿ, ಮೊಬೈಲ್‌ದಾಗ ಬಂದಿತ್ತು" ಎನ್ನುತ್ತಾನೆ. ನಮ್ಮ ಸೀಮೆಯಲ್ಲಿ ಮೊಬೈಲಿನಷ್ಟು ಹಾಡು ಹಾಡಿದ ಗಾಯಕ ಇನ್ನೊಬ್ಬನಿಲ್ಲ.

ನನಗೆ ಪರಿಚಯದ ನಾಲ್ಕು ಹುಡುಗರದೊಂದು ಬ್ಯಾಂಡ್ ಇದೆ. ಗಿಟಾರ್, ಕೀಬೋರ್ಡ್ ಜೊತೆಗೆ ಹಲಗೆಯನ್ನೂ ಬಾರಿಸುತ್ತಾರೆ. ಹಿಂದೆ ಕಂಪನಿಯಿಲ್ಲ, ಮುಂದೆ ಸಿನಿಮಾ ಇಲ್ಲ. ರೆಕಾರ್ಡಿಂಗೂ ಅವರದೇ, ಪ್ರಚಾರವೂ ಅವರದೇ. ಅವರ ಒಂದು ಹಾಡಿನ ಇಪ್ಪತ್ತು ಸೆಕೆಂಡನ್ನು ಯಾರೋ ಕತ್ತರಿಸಿ ತಮ್ಮ ಖಾತೆಗೆ ಹಾಕಿಕೊಂಡರು. ತುಣುಕು ಓಡಿತು, ಹಾಕಿದವರ ಹೆಸರಿನಲ್ಲೇ ಓಡಿತು. ಮದುವೆ ಮೆರವಣಿಗೆಯಲ್ಲಿ ಆ ಹಾಡಿಗೆ ಊರೇ ಕುಣಿಯುತ್ತಿದ್ದರೆ, ಕಟ್ಟಿದವರು ಗುಂಪಿನಂಚಿನಲ್ಲಿ ನಿಂತು ಕೋಲ್ಡ್ ಡ್ರಿಂಕ್ಸ್ ಕುಡಿಯುತ್ತಿದ್ದರು. ಹೆಸರೇ ತಿಳಿಯದಿದ್ದರೆ ಪೂರ್ತಿ ಹಾಡನ್ನು ಹುಡುಕಿ ಕೇಳುವವರು ಯಾರು? 2024ರಿಂದ ಸ್ಪಾಟಿಫೈನಲ್ಲಂತೂ ವರ್ಷಕ್ಕೆ 1000 ಸಲವಾದರೂ ಕೇಳಿಸದ ಹಾಡಿಗೆ ಬಿಡಿಗಾಸೂ ಇಲ್ಲ.

ಇದಕ್ಕೆ ಮದ್ದು ಹಳೆಯದು, ನಮ್ಮ ಜಿಲ್ಲೆಯದೇ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಲಿಂಗಸುಗೂರಿನ ಪ್ರಾಣೇಶದಾಸರು ಎಲ್ಲರೂ ಪದದ ಕೊನೆಗೆ ಅಂಕಿತ ಇಟ್ಟವರು. ಹಾಡು ಬಾಯಿಂದ ಬಾಯಿಗೆ ಹೋಗುವಾಗ ಅದರ ಕೊರಳಿಗೆ ಚೀಟಿ ಕಟ್ಟಿ ಕಳಿಸಿದರೆ ಮೊದಲ ತಿರುವಿನಲ್ಲೇ ಹರಿದುಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಹೆಸರನ್ನು ಛಂದಸ್ಸಿನೊಳಗೇ ಹೆಣೆದರು. ಕಿತ್ತರೆ ಪದವೇ ಕುಂಟಬೇಕು. ಶಿಶುನಾಳ ಷರೀಫರ ಅಂಕಿತದಲ್ಲಿ ಅವರ ಊರೇ ಇದೆ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿಗೆ ಷರೀಫರ 'ಗುಡುಗುಡಿಯಾ' ಪದವನ್ನು ಗಿಟಾರಿಗೆ ಹೊಂದಿಸಿದಾಗಲೂ ಅದು ಯಾರದೆಂದು ಯಾರೂ ಕೇಳಬೇಕಾಗಲಿಲ್ಲ.

ಹೆಸರಿನ ಬೆಲೆಯನ್ನು ಮಸ್ಕಿಯವರಿಗೆ ಹೇಳಿಕೊಡಬೇಕಿಲ್ಲ. ಅಶೋಕನ ಬಹುತೇಕ ಶಾಸನಗಳಲ್ಲಿ ಬರೀ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು. ಇವ ಯಾವ ರಾಜ ಎಂದು ವಿದ್ವಾಂಸರು ತಲೆಕೆಡಿಸಿಕೊಂಡಿದ್ದರು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್‌ಗೆ ಮಸ್ಕಿಯ ಗುಡ್ಡದಲ್ಲಿ ಸಿಕ್ಕ ಶಾಸನದಲ್ಲಿ 'ಅಶೋಕ' ಎಂದೇ ಇತ್ತು. ಅಷ್ಟೂ ಬಂಡೆಗಳ ಮಾತಿನ ಒಡೆಯ ಯಾರೆಂಬುದು ಆಗ ಖಚಿತವಾಯಿತು.

ಈಗಿನ ಡಿಜೆ ಜನಪದದವರೂ ಈ ಗುಟ್ಟು ಬಿಟ್ಟಿಲ್ಲ. ಮಾಳು ನಿಪನಾಳರ ಹೆಸರಿಗೆ ಊರೇ ಅಂಟಿಕೊಂಡಿದೆ. ನಮ್ಮ ಹುಡುಗರೋ ಇಂಗ್ಲಿಷ್ ಹೆಸರು ಹುಡುಕಿ, ಅದರ ಸ್ವರಗಳನ್ನೆಲ್ಲ ನುಂಗಿ, ವ್ಯಂಜನಗಳ ಗುಂಪೊಂದನ್ನು ಬ್ಯಾಂಡಿಗೆ ಇಟ್ಟಿದ್ದಾರೆ. ಅವರ ತಾಯಂದಿರಿಗೇ ಅದನ್ನು ಹೇಳಲು ಬಾರದು.

"ಹಾಡಿನಾಗೇ ಹೆಸರು ಇಡ್ರಪ್ಪಾ" ಎಂದೆ. "ಕೊನೀ ನುಡಿತನಕ ಯಾರು ಕೇಳ್ತಾರ ಸರ್, ಇಪ್ಪತ್ತು ಸೆಕೆಂಡಿಗೆ ಬೆರಳು ಮ್ಯಾಲೆ ಸರೀತದ" ಎಂದರು. ಮಾತು ನಿಜ. ದಾಸರ ಕಾಲದ ಕೇಳುಗ ಮಂಗಳದವರೆಗೆ ಕೂರುತ್ತಿದ್ದ, ಅಂಕಿತಕ್ಕೆ ಕಾಯುವ ವ್ಯವಧಾನವಿತ್ತು. ಈಗ ಅಂಕಿತವೇ ಪಲ್ಲವಿಗೆ ಬರಬೇಕು. ಆದರೆ ಬಾಯಿ ತೆರೆದೊಡನೆ ನಾನು, ನಾನು ಎನ್ನಲು ಆ ಹುಡುಗರಿಗೆ ನಾಚಿಕೆ. ಸಾಮಾಜಿಕ ಜಾಲತಾಣದ ಪ್ರಚಾರದಲ್ಲಿ ಒಳ್ಳೆಯ ಹಾಡುಗಾರರು ಹಿಂದೆ ಬೀಳುವುದು ಬಹಳ ಸಲ ಈ ನಾಚಿಕೆಯಿಂದಲೇ. ದಾಸರ ಅಂಕಿತದಲ್ಲಿ ಆ ಮುಜುಗರವಿರಲಿಲ್ಲ. ಪ್ರಾಣೇಶದಾಸರಿಗೆ ಅಂಕಿತ ಕೊಟ್ಟವರು ಅವರ ಗುರುಗಳಾದ ಜಗನ್ನಾಥದಾಸರು. ಹೆಸರಿನೊಳಗೆ ದೇವರೂ ಇದ್ದ, ಗುರುವಿನ ಋಣವೂ ಇತ್ತು.

ಹಾಗಾದರೆ ಊರಿನ ಹೆಸರಿಡಿ, ಊರಿನ ಹೆಸರು ಹೇಳಲು ಎಂಥ ನಾಚಿಕೆ ಎಂದೆ. ಹುಡುಗರು ಒಪ್ಪಿದರು. ತೊಂದರೆಯೆಂದರೆ ಒಬ್ಬ ಸಿಂಧನೂರಿನವ, ಒಬ್ಬ ಮಸ್ಕಿಯವ, ಇಬ್ಬರು ಲಿಂಗಸುಗೂರಿನವರು. ಹಲಗೆಯ ಪೆಟ್ಟಿಗೆ 'ಮಸ್ಕಿ' ಸಲೀಸಾಗಿ ಕೂರುತ್ತದೆ, 'ಸಿಂಧನೂರು' ಎಳೆದರೆ ಕೂರುತ್ತದೆ, 'ಲಿಂಗಸುಗೂರು' ತಾಳ ದಾಟಿ ಹೋಗುತ್ತದೆ. ಹಲಗೆ ಬಾರಿಸುವವನು ಲಿಂಗಸುಗೂರಿನವನೇ ಆದ್ದರಿಂದ, ಸದ್ಯಕ್ಕೆ ತಾಳವನ್ನೇ ಬದಲಿಸುವ ಮಾತುಕತೆ ನಡೆದಿದೆ.