ಕೆಮ್ಮಣ್ಣಿನಿಂದ ಚೌಳಿನವರೆಗೆ

ಶ್ರೀರಂಗಪಟ್ಟಣದಿಂದ ಪಾಂಡವಪುರದ ಮಾರ್ಗವಾಗಿ ನಾಗಮಂಗಲಕ್ಕೆ ಹೊರಟ ಪ್ರಯಾಣಿಕನು ಗುಡಿಗೋಪುರಗಳನ್ನು ನೋಡುವಷ್ಟೇ ಆಸಕ್ತಿಯಿಂದ ಮಣ್ಣನ್ನೂ ನೋಡುತ್ತ ಹೋದರೆ, ಒಂದೇ ದಾರಿಯಲ್ಲಿ ಹಲವು ನಾಡುಗಳನ್ನು ಕಂಡಂತಾಗುವುದು. ಕಾವೇರಿಯ ದಡದಲ್ಲಿ ಮೆಕ್ಕಲು ಮಣ್ಣು; ಹೊಳೆಮತ್ತಿಯ ನೆರಳು, ತೆಂಗು, ಕಬ್ಬು, ಬತ್ತ. ಪಾಂಡವಪುರವನ್ನು ದಾಟಿ ಉತ್ತರಕ್ಕೆ ಏರಿದಂತೆಲ್ಲ ನೀರು ಹಿಂದೆ ಉಳಿಯುತ್ತದೆ. ನಾಗಮಂಗಲದ ಬೋರೆಗಳಲ್ಲಿ ಕಲ್ಲು ಬೆರೆತ ತೆಳುವಾದ ಕೆಮ್ಮಣ್ಣು. ಬಿದ್ದ ಮಳೆ ಅಲ್ಲಿ ನಿಲ್ಲದು. ಅದಕ್ಕೆ ತಕ್ಕಂತೆ ರಾಗಿ, ಹುರುಳಿ, ಹುಚ್ಚೆಳ್ಳುಗಳ ಬೆಳೆ. ಹೊಲದಾಚೆ ತಂಗಡಿ, ಬಂದರಿಕೆಗಳ ಪೊದೆ. ಪಶ್ಚಿಮದ ಕೃಷ್ಣರಾಜಪೇಟೆಯಲ್ಲಿ ಈ ಎರಡು ಲೋಕಗಳೂ ಒಂದೇ ತಾಲ್ಲೂಕಿನೊಳಗಿವೆ: ಹೇಮಾವತಿಗೆ ಕಟ್ಟಿದ ಮಂದಗೆರೆ ಅಣೆಯ ನಾಲೆಯ ಕೆಳಗೆ ಗದ್ದೆ, ಮೇಲೆ ರಾಗಿಯ ಹೊಲ.

ಆದರೆ ಎಲ್ಲಕ್ಕಿಂತ ವಿಚಿತ್ರವಾದುದು ತಗ್ಗಿನಲ್ಲಿದೆ. ನಾಲೆಯ ಕೆಳಗಣ ಹಸುರಿನ ನಡುವೆ ಅಲ್ಲಲ್ಲಿ, ಬೇಸಗೆಯ ಬೆಳಗಿನಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕಾಣುವ ನೆಲವುಂಟು. ಇದೇ ಚೌಳು. ಸಾಬೂನು ಬರುವುದಕ್ಕೆ ಮುಂಚೆ ಬಟ್ಟೆಯ ಕೊಳೆ ತೆಗೆಯಲು ಅಗಸರು ಅರಸುತ್ತಿದ್ದ ಮಣ್ಣು. ರೈತನಿಗೆ ಮಾತ್ರ ಶತ್ರು.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಅದರ ಉತ್ತರ ದಂಡೆಯಿಂದ ಹೊರಟು, ಮೊದಲು ಇರ್ವಿನ್ ನಾಲೆಯೆನಿಸಿ ಈಗ ವಿಶ್ವೇಶ್ವರಯ್ಯ ನಾಲೆಯೆನಿಸಿರುವ ಕಾಲುವೆ ಈ ಸೀಮೆಯ ಭಾಗ್ಯವನ್ನೇ ತಿರುಗಿಸಿತು. ನೀರು ಬಂದುದು ಸರಿ. ಬಂದ ನೀರಿಗೆ ಹೊರಹೋಗುವ ದಾರಿಯಿಲ್ಲದಲ್ಲಿ ಅದು ನೆಲದೊಳಗೇ ನಿಂತು ಮೇಲೇರತೊಡಗಿತು. ದೀಪದ ಬತ್ತಿಯಲ್ಲಿ ಎಣ್ಣೆಯೇರುವಂತೆ ಮಣ್ಣಿನ ಸಂದುಗಳಲ್ಲಿ ಏರಿದ ನೀರು ಬಿಸಿಲಿಗೆ ಆವಿಯಾಗುವುದು. ಅದರಲ್ಲಿ ಕರಗಿದ್ದ ಉಪ್ಪು ಮೇಲೆ ಉಳಿಯುವುದು. ಇನ್ನೂ ಕೇಡು ಸೋಡಿಯಂ. ಅದು ಹೆಚ್ಚಿದರೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು, ನೆನೆದಾಗ ಅಂಟಾಗಿ, ಒಣಗಿದಾಗ ಕಲ್ಲಾಗಿ, ಬೇರಿಗೆ ಗಾಳಿಯೂ ದೊರೆಯದಂತಾಗುತ್ತದೆ.

ಅಂತಹ ತಗ್ಗಿನ ಅಂಚಿನಿಂದ ನಡುವಿಗೆ ನಡೆದರೆ ಗಿಡಗಳೇ ಉಪ್ಪಿನ ಅಳತೆಗೋಲು. ಮೊದಲು ಕುಗ್ಗುವುದು ಕಬ್ಬು. ಬತ್ತ ಇನ್ನಷ್ಟು ದೂರ ಬರುತ್ತದೆ. ನಿಂತ ನೀರು ಉಪ್ಪನ್ನು ತಿಳಿಗೊಳಿಸುವುದರಿಂದ ಅದಕ್ಕೆ ಉಸಿರು. ಆಮೇಲೆ ಗರಿಕೆ, ನೀರು ಕಟ್ಟಿದ ಕಡೆ ಜೊಂಡು. ನಡುವೆ ಬರಿಯ ನೆಲ. ಆಲೆಮನೆಯವರಿಗಂತೂ ಹೊಲ ನೋಡುವ ಅಗತ್ಯವೂ ಇಲ್ಲ: ಚೌಳಿನ ಕಬ್ಬಿನ ಬೆಲ್ಲ ನಾಲಗೆಗೆ ಉಪ್ಪುಪ್ಪು, ಮಳೆಗಾಲದಲ್ಲಿ ನೀರೊಡೆಯುತ್ತದೆ.

ಕುಮಟೆಯ ಕಡೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿಯೂ ಉಪ್ಪುಂಟು, ಕಾಂಡ್ಲವುಂಟು, ಉಪ್ಪನ್ನು ತಾಳುವ ಕಗ್ಗ ಬತ್ತವುಂಟು. ಅಲ್ಲಿ ಕಡಲು ತಂದ ಉಪ್ಪನ್ನು ಇಳಿತವೂ ಮುಂಗಾರೂ ಒಯ್ಯುತ್ತವೆ. ಇಲ್ಲಿ ಒಯ್ಯುವವರಾರು? ಮನುಷ್ಯನೇ ಬಸಿಗಾಲುವೆ ತೋಡಬೇಕು. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಂನ ಸ್ಥಾನವನ್ನು ಹಿಡಿಯುವುದು ನಿಜ. ಬಿಡುಗಡೆಯಾದ ಸೋಡಿಯಂ ತೊಳೆದುಹೋಗಲು ದಾರಿಯಿಲ್ಲದಿದ್ದರೆ ಹಾಕಿದ ಹಣ ಮಣ್ಣುಪಾಲು. ಡಯಾಂಚ ಬೆಳೆದು ಹೂ ಬಿಡುವ ಹೊತ್ತಿಗೆ ಉತ್ತು ಸೇರಿಸುವುದೂ ಉತ್ತಮವೇ. ಕಷ್ಟವಿರುವುದು ಬೇರೆಡೆ: ಬಸಿಗಾಲುವೆ ನೆರೆಯವನ ಗದ್ದೆಯನ್ನು ಹಾದುಹೋಗಬೇಕು, ಮೇಲಿನವನು ಬೇಕಾದುದಕ್ಕಿಂತ ಹೆಚ್ಚು ನೀರು ಹಾಯಿಸಿಕೊಂಡರೆ ಬಿಳುಪೇರುವುದು ಕೆಳಗಿನವನ ನೆಲ.