ಆಲ್ಬಮ್ಮಿನಲ್ಲಿಲ್ಲದ ದೊಡ್ಡಪ್ಪ

ಹೈದರಾಬಾದಿನ ಕನ್ನಡದ ಮನೆಯೊಂದರಲ್ಲಿ ದೊಡ್ಡ ಮಗಳ ಮದುವೆ. ಧಾರೆ ಸೀರೆಗಾಗಿ ತಾಯಿ ಮೂರು ದಿನ ಸುಲ್ತಾನ್ ಬಜಾರ್ ಅಲೆದರು. ಫೋಟೋದವನೊಡನೆ ಆಡಿದ್ದು ಎರಡೇ ಮಾತು: ಎಷ್ಟು, ಯಾವ ಕ್ಯಾಮೆರಾ? ಕ್ಯಾಮೆರಾ ದೊಡ್ಡದಿದ್ದರೆ ಎಲ್ಲವೂ ಸಿಗುತ್ತದೆಂಬ ನಂಬಿಕೆ, ನಮ್ಮೆಲ್ಲರದೂ ಅದೇ.

ಅಂತರಪಟ ಸರಿದು ಜೀರಿಗೆ-ಬೆಲ್ಲ ತಲೆಗೆ ಬೀಳುವುದು ಕೆಲವೇ ಕ್ಷಣ; ಆಗ ಕ್ಯಾಮೆರಾಕ್ಕೆ ಅಡ್ಡ ಹತ್ತು ಮೊಬೈಲು. ಅದಾದರೂ ಹೇಗೋ ಸಿಕ್ಕಿತು. ಆದರೆ ಕಂಬದ ಪಕ್ಕ ಕೂತ ಮುದುಕರು ಹುಡುಗಿಯನ್ನು ಓದಿಸಿದ ದೊಡ್ಡಪ್ಪನೆಂದು ಫೋಟೋದವನಿಗೆ ಯಾರು ಹೇಳಬೇಕಿತ್ತು? ಕರೆಯದೆ ವೇದಿಕೆ ಹತ್ತುವವರಲ್ಲ ಅವರು. ಮರುವರ್ಷ ತೀರಿಕೊಂಡಾಗ ಸಾವಿರಾರು ಚಿತ್ರ ಜಾಲಾಡಿದರೆ ಸಿಕ್ಕಿದ್ದು ಊಟದ ಪಂಕ್ತಿಯಲ್ಲೊಂದು ಅರ್ಧ ಮುಖ. ಬೈಗುಳವೆಲ್ಲ ಫೋಟೋದವನಿಗೆ.

ಇದೇ ಊರಿನಲ್ಲಿ 1892ರಲ್ಲಿ ಲಾಲಾ ದೀನ್ ದಯಾಳ್ ಪರದೆಯ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಇಂಗ್ಲಿಷ್ ಹೆಂಗಸಿಗೆ ಒಪ್ಪಿಸಿದ್ದರು. ಕ್ಯಾಮೆರಾ ಹೇಗೂ ಇತ್ತು. ಕಾಣದವರನ್ನು ಕಾಣಿಸಲು ಬೇರೆಯೇ ಏರ್ಪಾಡು ಬೇಕಾಯಿತು.

ಚಿಕ್ಕ ಮಗಳ ಮದುವೆಗೆ ತಾಯಿ ಸುಲ್ತಾನ್ ಬಜಾರಿನ ಸೀರೆ ಬಿಲ್ಲಿನ ಹಿಂಬದಿಯಲ್ಲಿ ಹನ್ನೊಂದು ಹೆಸರು ಬರೆದು ಫೋಟೋದವನ ಕೈಗಿತ್ತರು. ಮೊದಲನೆಯದು: ‘ಸೋದರತ್ತೆ, ಹಸಿರು ಸೀರೆ, ಕಿವಿ ಮಂದ. ಹತ್ತಿರ ಹೋಗಿ ಕರೆಯಿರಿ.’